ಬೋರ್ಡು ನೋಡಿಕೊಡುತ್ತಿದ್ದ ಕಾಕಾ

ಕಾಕಾ ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಬಿಸಿ ಚಿಪ್‌ಗಳನ್ನು ಮುಟ್ಟಿ ಮುಟ್ಟಿ ಅಲ್ಲಿನ ಚರ್ಮ ಸವೆದು, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬ್ಯಾಂಕಿನ ಬೆರಳಚ್ಚು ಯಂತ್ರ ಅದನ್ನು ಬೆರಳೆಂದು ಒಪ್ಪುತ್ತಲೇ ಇರಲಿಲ್ಲ. ಪಿಂಚಣಿಗಾಗಿ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಎಂದು ತೋರಿಸಲು ಹೋದಾಗ ಕೌಂಟರಿನ ಹೆಂಗಸು ಮೂರು ಮೂರು ಸಲ ಬೆರಳು ಒರೆಸಿ ಇಡಿಸುತ್ತಿದ್ದಳು. ಜೊತೆಗೆ ಹೋಗಿರುತ್ತಿದ್ದ ನನ್ನ ಕಡೆ ತಿರುಗಿ ಕಾಕಾ, "ನಾ ಇನ್ನೂ ಅದೀನಿ ಅಂತ ಇದಕ್ಕ ನೀನರ ಹೇಳ ತಂಗಿ," ಅನ್ನುತ್ತಿದ್ದರು.

ಅವರು ಧಾರವಾಡದ ಕಡೆಯವರು. ಅಹಮದಾಬಾದಿನ ಒಂದು ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಉಪಕರಣ ರಿಪೇರಿಯ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು. ಯಾರಾದರೂ ಎಂಜಿನಿಯರ್ ಸಾಹೇಬರೇ ಎಂದರೆ ತಕ್ಷಣ ತಿದ್ದುತ್ತಿದ್ದರು: "ಎಂಜಿನಿಯರ್ ನಕಾಶಿ ಬರೀತಾನ. ನಾ ಸುಟ್ಟದ್ದನ್ನ ನೋಡಾಂವ." ನಾವು ಕುಂದಾಪುರದ ಕಡೆಯವರು. ಮಣಿನಗರ ಸ್ಟೇಷನ್ನಿನ ಹತ್ತಿರ ಅಪ್ಪ ಒಂದು ಸಣ್ಣ ಉಡುಪಿ ಹೋಟೆಲ್ ನಡೆಸುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಕಾಕಾ ದಿನಾ ಬೆಳಿಗ್ಗೆ ಅಲ್ಲಿಗೆ ಇಡ್ಲಿ ತಿನ್ನಲು ಬರುತ್ತಿದ್ದರು. ಅವರ ಊರಿನಲ್ಲಿ ಚಿಕ್ಕಪ್ಪನಿಗೆ ಕಾಕಾ ಎನ್ನುತ್ತಾರೆ, ಗುಜರಾತಿನಲ್ಲೂ ಕಾಕಾ. ಹಾಗಾಗಿ ಅವರು ಇಡೀ ಬೀದಿಗೆ ಒಂದೇ ಹೆಸರಿನಲ್ಲಿ ಸಲ್ಲುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ನಮ್ಮ ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರಿನಿಂದ. ಆಗ ನನಗೆ ಹದಿನಾರು. ಅದು ದಿನಾ ಮಧ್ಯಾಹ್ನ ಊಟದ ರಶ್ ಇರುವ ಹೊತ್ತಿಗೇ ಆಫ್ ಆಗುತ್ತಿತ್ತು. ಅಂಗಡಿಯವರು ಬೋರ್ಡು ಹೋಗಿದೆ, ಹೊಸದು ಹಾಕಿಸಿ ಎಂದಿದ್ದರು. ಒಂದು ದಿನ ಕಾಕಾ ಇಡ್ಲಿ ಮುಗಿಸಿ, ಕೈ ತೊಳೆದು, ಕೇಳದೆಯೇ ಡಬ್ಬದ ಬಾಗಿಲು ಬಿಚ್ಚಿದರು. ಒಳಗೆ ಮದರ್‌ಬೋರ್ಡಿನ ಮೇಲೆ ಕಂದು ಬಣ್ಣದ ಜಿಡ್ಡು, ಅದರ ಮೇಲೆ ಧೂಳು. ಪಕ್ಕದಲ್ಲೇ ದೋಸೆ ಕಾವಲಿ ಇತ್ತಲ್ಲ, ಅದರ ಹೊಗೆಯೆಲ್ಲ ಒಳಗೆ ಹೋಗಿ ಕೂತಿತ್ತು. ಕಾಕಾ ಬೋರ್ಡನ್ನು ಹೊರಗೆ ತೆಗೆದು, ಬ್ಯಾಟರಿ ಕಳಚಿ, ಸೀದಾ ಪಾತ್ರೆ ತೊಳೆಯುವ ನಲ್ಲಿಯ ಕೆಳಗೆ ಹಿಡಿದರು.

"ಎಂತ ಮಾಡ್ತ್ರಿ ಮಾರಾಯ್ರೆ! ಅದ್ಕೆ ನೀರ್ ಹಾಕ್ತ್ರಿಯಾ?" ಎಂದು ಅಪ್ಪ ಕೌಂಟರ್ ಬಿಟ್ಟು ಓಡಿ ಬಂದರು.

"ಮೈ ತೊಳಸಾಕತ್ತೀನ್ರಿ. ಕರೆಂಟ್ ಇಲ್ಲದಾಗ ನೀರು ಏನೂ ಮಾಡಂಗಿಲ್ಲ. ಪೂರಾ ಒಣಗಬೇಕು, ಅಷ್ಟ."

ಸಾಬೂನು ನೀರು, ಒಂದು ಮೆತ್ತನೆಯ ಬ್ರಷ್. ಆಮೇಲೆ ಎರಡು ದಿನ ನಮ್ಮ ತಾರಸಿಯಲ್ಲಿ ಹಪ್ಪಳದ ಪಕ್ಕ ಮೇ ತಿಂಗಳ ಬಿಸಿಲಿನಲ್ಲಿ ಬೋರ್ಡು ಒಣಗಿತು. ಮೂರನೆಯ ದಿನ ಕಂಪ್ಯೂಟರ್ ಎದ್ದು ಕೂತಿತು. ಅದನ್ನು ಕಾವಲಿಯಿಂದ ದೂರ, ದೇವರ ಫೋಟೋದ ಕೆಳಗೆ ಇಡಿಸಿದರು. ಮತ್ತೆ ನಾಲ್ಕು ವರ್ಷ ಅದು ನಿಲ್ಲಲಿಲ್ಲ. ನಾನು ಅಂದಿನಿಂದ ಅವರ ಹಿಂದೆ ಬಿದ್ದೆ.

ಅವರ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಉದ್ದನೆಯ ಮೇಜು. ಅದರ ಮೇಲೆ ಸದಾ ಎರಡು ಮೂರು ಬೋರ್ಡುಗಳು ಮೈಬಿಚ್ಚಿ ಮಲಗಿರುತ್ತಿದ್ದವು. ಬಿಡಿಭಾಗ ಕೊಂಡು ಕಂಪ್ಯೂಟರ್ ಕಟ್ಟಿಸಬೇಕು ಎನ್ನುವವರು ಖರೀದಿಗೆ ಮುಂಚೆ ಅವರನ್ನು ಕೇಳಲು ಬರುತ್ತಿದ್ದರು. ಯಾರೇ ಬಂದು ಯಾವ ಬೋರ್ಡಿನ ಹೆಸರು ಹೇಳಿದರೂ ಕಾಕಾ ಮೊದಲು ಕೇಳುತ್ತಿದ್ದದ್ದು ಒಂದೇ: "ಯಾರ ಮನಿಗೆ?" ಮನೆಯಲ್ಲಿ ಟ್ಯೂಷನ್ ಹೇಳುವ ಒಬ್ಬ ಹೆಂಗಸು ಅತಿ ದುಬಾರಿ ಬೋರ್ಡಿನ ಹೆಸರು ಬರೆದ ಚೀಟಿ ಹಿಡಿದು ಬಂದಿದ್ದರು. ಕಾಕಾ ಅವರಿಂದ ಅವರ ಇಡೀ ದಿನದ ಕೆಲಸ ಕೇಳಿ ತಿಳಿದುಕೊಂಡು, ಅತಿ ಕಡಿಮೆ ಬೆಲೆಯ ಒಂದು ಬೋರ್ಡು ಬರೆದುಕೊಟ್ಟರು. "ಇದಕ್ಕ ದೀಪ ಇಲ್ಲ, ಬಣ್ಣ ಇಲ್ಲ. ಖರೆ, ನಿಮ್ಮ ಕೆಲಸ ಹತ್ತು ವರ್ಷ ಮಾಡತೈತಿ," ಎಂದು ತಮ್ಮ ಮುರುಕು ಗುಜರಾತಿಯಲ್ಲಿ ಹೇಳಿದರು. ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಜೋರಾಗಿ ಓದಿ ನಗುವುದು ಅವರಿಗೆ ಇಷ್ಟ. "ಗೇಮಿಂಗ್ ಅಂತ ಬರದಾರ. ಬರದ್ರ ಇದು ಎದ್ದು ಆಡತೈತೇನು?"

ಹೊಸ ಬೋರ್ಡು ಬಂದರೆ ಮೊದಲು ಬರಿಗೈಯಲ್ಲಿ ಹಿಡಿದು ಅದು ಎಷ್ಟು ಬಾಗುತ್ತದೆ ಎಂದು ನೋಡುವರು. ಮೇಲೆ ಫ್ಯಾನು ಕೂರಿಸಿ ಸ್ಕ್ರೂ ಬಿಗಿದು ಮತ್ತೆ ನೋಡುವರು. ಆಮೇಲೆ ಡಬ್ಬದಲ್ಲಿ ಹಾಕಿ, ಬಾಗಿಲು ಮುಚ್ಚಿ, ಕೋಣೆಯ ಕಿಟಕಿಯನ್ನೂ ಮುಚ್ಚಿ, ಗಂಟೆಗಟ್ಟಲೆ ಭಾರದ ಕೆಲಸ ಕೊಡುವರು. "ಎಸಿ ರೂಮಿನಾಗ ಎಲ್ಲಾ ಬೋರ್ಡೂ ಶಾಣ್ಯಾನ ಇರ್ತಾವ. ಮಂದಿ ಮನಿಯಾಗ ಎಸಿ ಎಲ್ಲೈತಿ?" ಥರ್ಮಾಮೀಟರ್ ಇತ್ತು, ಆದರೂ ಮೊದಲು ಬೆರಳು. ಅವರು ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಅದೂ ಕನ್ನಡದಲ್ಲಿ. ಬೆಚ್ಚಗ, ಬಿಸಿ, ಬೆರಳ ಇಡಾಕ ಆಗಂಗಿಲ್ಲ. ಗುಜರಾತಿ ಶಾಲೆಯಲ್ಲಿ ಓದಿದ ನನಗೆ ಕನ್ನಡ ಬರೆಯಲು ಬಂದದ್ದೇ ಹೀಗೆ. ಈ ಲೇಖನವನ್ನು ಕನ್ನಡದಲ್ಲಿ ಬರೆಯುತ್ತಿರುವುದೂ ಅದೇ ಕಾರಣಕ್ಕೆ.

ಬಿ.ಕಾಂ. ಮುಗಿಸಿ ಕೆಲವು ವರ್ಷ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡಿದೆ. ಆಮೇಲೆ ಕಡಿಮೆ ಬೆಲೆಯ ಬಿಡಿಭಾಗಗಳನ್ನು ಪರೀಕ್ಷಿಸಿ ತೋರಿಸುವ ವಿಡಿಯೊಗಳನ್ನು ಹಿಂದಿಯಲ್ಲಿ ಮಾಡತೊಡಗಿದೆ. ಮೇಜು ಕಾಕಾ ಅವರದು, ಪರೀಕ್ಷೆಯೂ ಅವರದು, ಮಾತು ಮಾತ್ರ ನನ್ನದು. ಅವರ ಮುಖ ಕಾಣುತ್ತಿರಲಿಲ್ಲ, ಕೈಗಳು ಮಾತ್ರ ಕಾಣುತ್ತಿದ್ದವು. ಕೊನೆಗೆ ಅರ್ಧ ನಿಮಿಷ ಅವರ ದನಿ ಬರುತ್ತಿತ್ತು. ಧಾರವಾಡದ ರಾಗದ ಹಿಂದಿಯಲ್ಲಿ, ಈ ಬೋರ್ಡು ಯಾರಿಗೆ ಸರಿ, ಯಾರಿಗೆ ಸರಿಯಲ್ಲ ಎಂದು ಹೇಳುತ್ತಿದ್ದರು. ನೋಡುವವರು ಬೆಳೆದರು. "ಕೈಯ ಕಾಕಾ ಏನು ಹೇಳುತ್ತಾರೆ?" ಎಂದು ಜನ ಕೇಳತೊಡಗಿದರು. ನನಗೆ ಅದರಿಂದ ಸ್ವಲ್ಪ ಇರುಸುಮುರುಸಾಗುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಒಂದು ಜನವರಿಯಲ್ಲಿ ಒಂದು ಕಂಪನಿಯಿಂದ ಫೋನ್ ಬಂತು. ಹೊಸ ಬೋರ್ಡು ಮಾರುಕಟ್ಟೆಗೆ ಬರುವ ಮುಂಚೆ ನನಗೆ ಕಳಿಸುವುದಾಗಿ ಹೇಳಿದರು. ಅಲ್ಲಿಯವರೆಗೆ ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಐದನೆಯ ದಿನ ವಿಡಿಯೊ ಬರಬೇಕು, ಬಿಡುಗಡೆಯ ದಿನವೇ. ಬೋರ್ಡು ಬಂತು. ಪೆಟ್ಟಿಗೆಯ ಮೇಲೆ, ದಿನಬಳಕೆಯವರಿಗೂ ಕಂಪ್ಯೂಟರ್ ಹುಚ್ಚಿರುವವರಿಗೂ ಇದೊಂದೇ ಸಾಕು ಎಂಬ ಅರ್ಥದ ಮಾತು ದಪ್ಪ ಅಕ್ಷರದಲ್ಲಿತ್ತು.

ಬೆಲೆಗೆ ಹೋಲಿಸಿದರೆ ಒಳ್ಳೆಯ ಬೋರ್ಡೇ. ಗಟ್ಟಿಯಾಗಿತ್ತು, ಹಿಂದೆ ಬೇಕಾದಷ್ಟು ಪೋರ್ಟುಗಳಿದ್ದವು. ಸಣ್ಣ ಪ್ರೊಸೆಸರ್ ಹಾಕಿದಾಗ ಎರಡು ದಿನ ತಂಪಾಗಿ ಓಡಿತು. ಮೂರನೆಯ ದಿನ ಕಾಕಾ ದೊಡ್ಡ ಪ್ರೊಸೆಸರ್ ಹಾಕಿ ಕಿಟಕಿ ಮುಚ್ಚಿದರು. ಪ್ರೊಸೆಸರಿನ ಪಕ್ಕದಲ್ಲಿ ಸಾಲಾಗಿ ಕೂತ ಸಣ್ಣ ಕಪ್ಪು ಚಿಪ್‌ಗಳು ಅದಕ್ಕೆ ಬೇಕಾದ ವಿದ್ಯುತ್ತನ್ನು ಹದ ಮಾಡಿ ಕೊಡುತ್ತವೆ. ಪ್ರೊಸೆಸರ್ ದೊಡ್ಡದಾದಷ್ಟೂ ಅವಕ್ಕೆ ದುಡಿಮೆ ಹೆಚ್ಚು, ಬಿಸಿಯೂ ಹೆಚ್ಚು. ದುಬಾರಿ ಬೋರ್ಡುಗಳಲ್ಲಿ ಅವುಗಳ ಮೇಲೆ ಬಿಸಿ ಹೀರುವ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಇದರಲ್ಲಿ ಒಂದು ಸಾಲಿಗೆ ಪಟ್ಟಿ ಇತ್ತು, ಇನ್ನೊಂದು ಸಾಲು ಬರಿಮೈಯಲ್ಲಿತ್ತು. ಮುಕ್ಕಾಲು ಗಂಟೆಗೆ ಯಂತ್ರ ತಾನಾಗಿ ನಿಧಾನವಾಯಿತು. ಕಾಕಾ ಬಾಗಿಲು ತೆಗೆದು ಬೆರಳು ಇಟ್ಟವರು ಸರ್ರನೆ ಎಳೆದುಕೊಂಡರು.

"ಬರಿ ತಂಗಿ. ಬೆರಳ ಇಡಾಕ ಆಗಂಗಿಲ್ಲ. ಅದೂ ಜನವರಿಯಾಗ."

ವಿಡಿಯೊದ ಕೊನೆಗೆ ಅವರು ಹೇಳಿದ್ದು ಇಷ್ಟು: ಮನೆಗೆ, ಅಂಗಡಿಗೆ, ಮಕ್ಕಳ ಓದಿಗೆ ಇದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ. ಆದರೆ ದೊಡ್ಡ ಪ್ರೊಸೆಸರ್ ಹಾಕಿ ಗಂಟೆಗಟ್ಟಲೆ ದುಡಿಸುವವರು ಇದನ್ನು ಕೊಳ್ಳಬೇಡಿ, ಬೇಸಿಗೆಯಲ್ಲಿ ಕೈಕೊಡುತ್ತದೆ. ಕ್ಯಾಮೆರಾ ಆಫ್ ಮಾಡಿದ ಮೇಲೆ ನನಗೂ ಹೇಳಿದರು, "ಇಬ್ಬರಿಗೂ ಒಂದಽ ಬೋರ್ಡ್ ಅಂತ ನೀ ಹೇಳಬ್ಯಾಡ. ಅದು ಆಗದ ಮಾತು."

ಆ ಸಂಜೆ ಎಡಿಟ್ ಮಾಡಲು ಕೂತೆ. ಕಂಪನಿಯವನು ಫೋನ್ ಮಾಡಿ, ಹೇಗಿದೆ ಎಂದು ವಿಚಾರಿಸಿದ. ಏನನ್ನೂ ತೆಗೆಯಿರಿ ಎಂದು ಅವನು ಹೇಳಲಿಲ್ಲ. ಮುಂದಿನ ಬೋರ್ಡನ್ನೂ ನಿಮಗೇ ಮೊದಲು ಕಳಿಸೋಣ ಎಂದ, ಅಷ್ಟೇ. ಅಷ್ಟು ಸಾಕಾಯಿತು. ವಿಡಿಯೊ ಉದ್ದವಾಯಿತು ಎಂದು ನನಗೆ ನಾನೇ ಹೇಳಿಕೊಂಡು ಕಾಕಾ ಅವರ ಮಾತಿನ ಎರಡನೆಯ ಅರ್ಧವನ್ನು ಕತ್ತರಿಸಿದೆ. ಕಣ್ಣುಮುಚ್ಚಿ ತೆಗೆದುಕೊಳ್ಳಿ ಎಂಬುದು ಉಳಿಯಿತು. ವಿಡಿಯೊದ ಆರಂಭದಲ್ಲಿ, ಇಬ್ಬರಿಗೂ ಒಂದೇ ಬೋರ್ಡು ಎಂದು ನಾನೇ ನಗುನಗುತ್ತ ಹೇಳಿದ್ದೂ ಉಳಿಯಿತು. ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಜಾಗ ಬೇಕೆಂದು ಮೂಲ ಚಿತ್ರೀಕರಣವನ್ನು ಅವತ್ತೇ ಅಳಿಸಿದೆ.

ವಿಡಿಯೊ ಬಂದ ಮರುದಿನ ಕಾಕಾ ಹೋಟೆಲಿಗೆ ಬಂದಾಗ ಅಮ್ಮ ಚಹಾ ಕೊಟ್ಟಳು. ಅವರು ಚಹಾವನ್ನು ಬಸಿಗೆ ಸುರಿದುಕೊಂಡು, ಕುಡಿಯದೆ, ನನ್ನನ್ನು ಕೇಳಿದರು.

"ಆ ಮಾತು ಎಲ್ಲಿ ಹೋತು ತಂಗಿ?"

"ಅಲ್ಲಿ ಆಡಿಯೊ ಸರಿ ಬಂದಿರಲಿಲ್ಲ ಕಾಕಾ."

ನಲವತ್ತು ವರ್ಷ ಯಂತ್ರಗಳ ಜೊತೆ ಬಾಳಿದ ಮನುಷ್ಯನಿಗೆ ನಾನು ಹೇಳಿದ ಸುಳ್ಳು ಅದು. ಒಂದೇ ಮೈಕು, ಒಂದೇ ಉಸಿರಿನಲ್ಲಿ ಆಡಿದ ಮಾತು. ಅರ್ಧ ಸರಿಯಾಗಿ, ಅರ್ಧ ಕೆಟ್ಟು ಬರುವುದು ಹೇಗೆ? ಅವರು "ಹೌದೇನು" ಎಂದಷ್ಟೇ ಅಂದು ಚಹಾ ಕುಡಿದರು. ಜಗಳವಾಡಲಿಲ್ಲ, ಮುಖ ತಿರುಗಿಸಲಿಲ್ಲ. ಆದರೆ ಮುಂದಿನ ವಿಡಿಯೊಗೆ ಕರೆದಾಗ, "ಈಗ ನಿನಗ ಎಲ್ಲಾ ಬರತೈತಿ, ನೀನಽ ಮಾಡು," ಎಂದರು. ನಾನು ಒತ್ತಾಯ ಮಾಡಲಿಲ್ಲ. ಆ ಮಾತನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ಏಪ್ರಿಲಿನಲ್ಲಿ ಆ ವಿಡಿಯೊದ ಕೆಳಗೆ ಸೂರತ್ತಿನ ಉಧ್ನಾದಿಂದ ಒಬ್ಬ ಹೆಂಗಸು ಉದ್ದವಾಗಿ ಬರೆದರು. ಸೀರೆಗಳಿಗೆ ಪ್ರಿಂಟ್ ಡಿಸೈನ್ ಮಾಡಿ ಗಿರಣಿಗೆ ಕೊಡುವುದು ಅವರ ಉದ್ಯೋಗ. ನನ್ನ ಮಾತು ನಂಬಿ ಇದೇ ಬೋರ್ಡಿನ ಮೇಲೆ ದೊಡ್ಡ ಪ್ರೊಸೆಸರ್ ಹಾಕಿಸಿದ್ದರು. ಈಗ ದೊಡ್ಡ ಫೈಲು ತಯಾರಾಗುವಾಗ ನಡುವೆಯೇ ಯಂತ್ರ ಆಫ್ ಆಗುತ್ತಿದೆ, ರ್‍ಯಾಮ್ ಬದಲಾಯಿಸಿದೆ, ಪವರ್ ಸಪ್ಲೈ ಬದಲಾಯಿಸಿದೆ, ಗಿರಣಿಯವರು ಕೆಲಸ ಬೇರೆಯವರಿಗೆ ಕೊಡುತ್ತೇವೆ ಎನ್ನುತ್ತಿದ್ದಾರೆ, ಯಾರಾದರೂ ದಾರಿ ಹೇಳಿ. ಕೆಳಗೆ ತಮ್ಮ ಫೋನ್ ನಂಬರನ್ನೂ ಹಾಕಿದ್ದರು.

ಓದಿದ ತಕ್ಷಣ ನನಗೆ ಕಾರಣ ಗೊತ್ತಾಯಿತು. ನನ್ನ ನೋಟ್‌ಬುಕ್ಕಿನಲ್ಲೇ ನನ್ನ ಅಕ್ಷರದಲ್ಲೇ ಇತ್ತು. ಆದರೆ ನಾನು ಬರೆದ ಉತ್ತರ ಹೀಗಿತ್ತು: "ನಿಮ್ಮ ಪ್ರೊಸೆಸರಿನ ಮೇಲಿನ ಕೂಲರ್ ಸರಿಯಾಗಿ ಕೂತಿದೆಯಾ ನೋಡಿಕೊಳ್ಳಿ." ಎರಡು ದಿನ ಬಿಟ್ಟು ನೋಡಿದರೆ ಅವರು ತಮ್ಮ ಬರಹವನ್ನು ಅಳಿಸಿದ್ದರು. ನನಗೆ ಹಗುರವಾಯಿತು.

ಜೂನ್‌ನಲ್ಲಿ ಕಾಕಾ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ವಡೋದರಾದ ಗೋರ್ವಾದಲ್ಲಿದ್ದ ಅವರ ಮಗಳು ಬಂದು ಕರೆದುಕೊಂಡು ಹೋದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮಣಿನಗರದಿಂದ ವಡೋದರಾಕ್ಕೆ ರೈಲಿನಲ್ಲಿ ಎರಡು ಗಂಟೆಯ ದಾರಿ. ಈ ಭಾನುವಾರ, ಮುಂದಿನ ಭಾನುವಾರ ಎನ್ನುತ್ತ ಒಂದು ಸಲವೂ ಹೋಗಲಿಲ್ಲ. ಹೋದರೆ ಆ ಸುಳ್ಳಿನ ಎದುರು ಕೂರಬೇಕಾಗಿತ್ತು. ಕಾಕಾ ಎರಡು ಸಲ ತಾವೇ ಫೋನ್ ಮಾಡಿದರು. ಎರಡನೆಯ ಸಲ, "ಹೊಸಾ ಬೋರ್ಡ್ ಯಾವುದರ ಬಂದೈತೇನು?" ಎಂದರು. ಚಿತ್ರೀಕರಣದ ನಡುವೆ ಇದ್ದೇನೆ ಕಾಕಾ, ಆಮೇಲೆ ಮಾಡುತ್ತೇನೆ ಎಂದೆ. "ಮಾಡ್ವಾ, ಮಾಡು," ಎಂದರು. ನಾನು ಮಾಡಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಕೂತವರು ಹಾಗೇ ಹೋದರಂತೆ. ನಾನು ಮಧ್ಯಾಹ್ನದ ಹೊತ್ತಿಗೆ ಗೋರ್ವಾ ತಲುಪಿದಾಗ ಎಲ್ಲ ಮುಗಿದಿತ್ತು. ಹೆಂಗಸರ ನಡುವೆ ಒಂದು ಗಂಟೆ ಕೂತು ಎದ್ದು ಬಂದೆ.

ತಿಂಗಳು ಕಳೆದ ಮೇಲೆ ಒಂದು ಅಪರಿಚಿತ ನಂಬರಿನಿಂದ ಫೋನ್ ಬಂತು. ಉಧ್ನಾದ ಅದೇ ಹೆಂಗಸು. ಕಾಕಾ ಅವರ ನಂಬರಿಗೆ ಕರೆ ಮಾಡಿದಾಗ ಅಕ್ಕ ವಿಷಯ ತಿಳಿಸಿ ನನ್ನ ನಂಬರ್ ಕೊಟ್ಟಿದ್ದರು. ಆ ಹೆಂಗಸು ಅಳುತ್ತಿದ್ದರು. ಗುಜರಾತಿಯಲ್ಲಿ, "ಬೆನ್, ನೀವು ಕಾಕಾ ಅವರನ್ನು ಕಳಿಸಿಕೊಟ್ಟಿರಿ. ನಿಮಗೆ ಧನ್ಯವಾದದ ಒಂದು ಮಾತು ಹೇಳಲೂ ಆಗಲಿಲ್ಲ," ಎಂದರು. ಬೆನ್ ಎಂದರೆ ಅಕ್ಕ, ತಂಗಿ. ನಾನು ಯಾರನ್ನೂ ಎಲ್ಲಿಗೂ ಕಳಿಸಿರಲಿಲ್ಲ. ವಿಳಾಸ ಕೇಳಿಕೊಂಡು, ನಿಮ್ಮ ಮನೆಗೆ ಬರುತ್ತೇನೆ ಎಂದೆ.

ಉಧ್ನಾದಲ್ಲಿ ಅವರ ಮನೆ ಮೂರನೆಯ ಮಹಡಿ. ಮೇಲೆ ತಗಡಿನ ಸೂರು. ಸೆಪ್ಟೆಂಬರಿನಲ್ಲೂ ಕೋಣೆ ಒಲೆಯಂತಿತ್ತು. ಮೂಲೆಯಲ್ಲಿ ಕಂಪ್ಯೂಟರ್ ಓಡುತ್ತಿತ್ತು, ಪರದೆಯ ಮೇಲೆ ಕೆಂಪು ಬುಟ್ಟಾಗಳ ಒಂದು ಸೆರಗು ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ವಿಡಿಯೊದ ಕೆಳಗೆ ಅವರು ಹಾಕಿದ್ದ ನಂಬರನ್ನು ಕಾಕಾ ಆಗಲೇ ಬರೆದಿಟ್ಟುಕೊಂಡಿದ್ದರಂತೆ; ಮೇ ತಿಂಗಳಿನಲ್ಲಿ ಅದಕ್ಕೆ ಫೋನ್ ಮಾಡಿ, ವಿಳಾಸ ಕೇಳಿ, ಬೆಳಗಿನ ರೈಲಿಗೆ ಬಂದಿದ್ದರಂತೆ. ಕೈಯಲ್ಲಿ ಒಂದು ಚೀಲ. ಹಳೆಯ ಬೋರ್ಡಿನಿಂದ ಕತ್ತರಿಸಿ ತಂದ ಅಲ್ಯೂಮಿನಿಯಂ ಪಟ್ಟಿಯನ್ನು ಆ ಬರಿಮೈ ಸಾಲಿಗೆ ಅಂಟಿಸಿ, ಮೇಲೆ ಒಂದು ಸಣ್ಣ ಫ್ಯಾನು ಕೂರಿಸಿದರಂತೆ. ಪ್ರೊಸೆಸರ್ ಎಷ್ಟು ವಿದ್ಯುತ್ ಎಳೆಯಬಹುದು ಎಂಬುದಕ್ಕೂ ಒಂದು ಮಿತಿ ಹಾಕಿದರಂತೆ. ಆಮೇಲೆ ಮೂರು ಗಂಟೆ ಅಲ್ಲೇ ಕೂತು, ಒಂದು ದೊಡ್ಡ ಫೈಲು ಪೂರ್ತಿ ತಯಾರಾಗುವುದನ್ನು ನೋಡಿ ಎದ್ದಿದ್ದರು.

"ಏನು ಹೇಳಿದರು?" ಎಂದು ಕೇಳಿದೆ.

"ಬೋರ್ಡು ಕೆಟ್ಟದ್ದಲ್ಲ ಮಗಳೇ, ಅದರ ಕೈಲಾಗದ ಕೆಲಸಕ್ಕೆ ಅದನ್ನು ಹಚ್ಚಿದ್ದಾರೆ ಅಂದರು. ಅಹಮದಾಬಾದಿನ ಹುಡುಗಿ ವಿಡಿಯೊದಲ್ಲಿ ಒಂದು ಮಾತು ಹೇಳುವುದು ಬಿಟ್ಟುಹೋಗಿತ್ತು, ಅದನ್ನು ಹೇಳಿ ಬನ್ನಿ ಅಂತ ಅವಳೇ ನನ್ನನ್ನು ಕಳಿಸಿದ್ದಾಳೆ ಅಂದರು."

ನನಗೆ ಕೂರಲಾಗಲಿಲ್ಲ. ನಿಂತೇ ಎಲ್ಲ ಹೇಳಿದೆ. ಮಾತು ಬಿಟ್ಟುಹೋಗಿರಲಿಲ್ಲ, ನಾನೇ ಕತ್ತರಿಸಿದ್ದೆ. ನಿಮ್ಮ ಬರಹ ಓದಿದಾಗಲೇ ಕಾರಣ ಗೊತ್ತಿತ್ತು, ಆದರೂ ಕೂಲರ್ ನೋಡಿಕೊಳ್ಳಿ ಎಂದು ಬರೆದೆ. ಕಾಕಾ ಅವರನ್ನು ನಾನು ಕಳಿಸಲಿಲ್ಲ, ಅವರು ಬಂದದ್ದೇ ನನಗೆ ಗೊತ್ತಿರಲಿಲ್ಲ.

ಅವರು ಪರದೆಯ ಕಡೆ ತಿರುಗಿದರು. "ನನಗೇ ಕಂಪ್ಯೂಟರ್ ಸರಿಯಾಗಿ ನಡೆಸಲು ಬರುವುದಿಲ್ಲ ಅಂತ ಎರಡು ತಿಂಗಳು ನನ್ನನ್ನೇ ಬೈದುಕೊಂಡೆ ಬೆನ್," ಎಂದರು. ಆಮೇಲೆ, "ನೀವೇ ಕಳಿಸಿದ್ದು ಅಂದುಕೊಂಡಿದ್ದೆ. ಹಾಗಿದ್ದಿದ್ದರೆ ಚೆನ್ನಾಗಿತ್ತು," ಎಂದರು. ನೀರು ಕೊಟ್ಟರು. ಕುಡಿದು ಬಂದೆ.

ವಾಪಸು ಬರುವ ರೈಲಿನಲ್ಲಿ ಆ ಹಳೆಯ ವಿಡಿಯೊ ತೆಗೆದುಹಾಕಿದೆ. ಆ ಬೋರ್ಡಿನ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೊಸ ವಿಡಿಯೊವನ್ನು ಆ ವಾರವೇ ಮಾಡಿದೆ. ಆದರೆ ಅದರಲ್ಲಿ ಇರುವುದು ನನ್ನ ದನಿ. ಕಾಕಾ ಆಡಿದ್ದನ್ನು ನಾನೇ ಅಳಿಸಿಬಿಟ್ಟಿದ್ದೆನಲ್ಲ.

ಅವತ್ತು ರೈಲು ವಡೋದರಾದಲ್ಲಿ ನಿಂತಾಗ ಇಳಿದುಬಿಟ್ಟೆ. ರಿಕ್ಷಾ ಹಿಡಿದು ಗೋರ್ವಾಕ್ಕೆ ಹೋದೆ. ಅಕ್ಕ ಆಗಷ್ಟೇ ಕೆಲಸದಿಂದ ಬಂದು ತರಕಾರಿ ಹೆಚ್ಚುತ್ತಿದ್ದರು. ಅವರ ಎದುರು ನೆಲದ ಮೇಲೆ ಕೂತು, ಜನವರಿಯಿಂದ ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅಕ್ಕ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಅಪ್ಪಗ ಗೊತ್ತಿತ್ತು," ಎಂದರು. "ಆಡಿಯೊ ಚಲೋನ ಬಂದಿತ್ತು, ಹುಡುಗಿ ಸುಳ್ಳ ಹೇಳಿದ್ಲು ಅಂತ ನನಗ ಹೇಳಿದ್ರು. ನನಗ ಸಿಟ್ಟ ಬಂದಿತ್ತು. ನಾನಽ ಫೋನ್ ಮಾಡಿ ಕೇಳ್ತೀನಿ ಅಂದೆ. ಬ್ಯಾಡ ಅಂದ್ರು. 'ಅಕಿ ತಾನಽ ಬಂದು ಹೇಳ್ತಾಳ, ಬರಲಿ' ಅಂದ್ರು. ಭಾನುವಾರ ಬಂತಂದ್ರ ಜಲ್ದಿ ಊಟಾ ಮಾಡಿ, ಅಂಗಿ ಹಾಕ್ಕೊಂಡು ಕೂಡ್ತಿದ್ರು."